ಗ್ಲೆಂಡಾಳ ಎಣಿಕೆ

ಕೋರ್ಟಿನ ಕಥೆ ಹೇಳುವಷ್ಟು ಓದಿದವರು ನಾವಲ್ಲ, ತಪ್ಪಿದ್ದರೆ ಮನ್ನಿಸಿ. ಇಂಗ್ಲೆಂಡಿನ ಗ್ರಿಮ್ಸ್‌ಬಿ ಊರಿನ ಕೋರ್ಟಿನ ಕಟಕಟೆಯಲ್ಲಿ ನೆವಿಲ್ ಆರೋಪಿಯಾಗಿ ನಿಂತಿದ್ದ. ಪಬ್ಬಿನ ಹೊಡೆದಾಟದಲ್ಲಿ ಹೊಡೆದವರು ಮೂವರೆಂದಾದರೆ ಅಲ್ಲಿನ ಕಾನೂನಿನಲ್ಲಿ ಅದು ದೊಂಬಿ, ಐದು ವರ್ಷದವರೆಗೂ ಜೈಲು. ಇಬ್ಬರೇ ಎಂದಾದರೆ ಆ ಆರೋಪ ನಿಲ್ಲದು. ನೆವಿಲ್ ಮತ್ತವನ ಗೆಳೆಯನ ಜೊತೆಗಿದ್ದ ಮೂರನೆಯವನು ನೆವಿಲ್‌ನ ತಂಗಿ ಗ್ಲೆಂಡಾಳ ಗಂಡ ಡೆರಿಕ್. ಅವನ ಹೆಸರನ್ನು ನೆವಿಲ್ ಪೊಲೀಸರೆದುರು ಬಾಯಿಬಿಟ್ಟಿರಲಿಲ್ಲ. "ಇಬ್ರೇ ಅಂತೀನಿ ಕಣೋ. ನಿನ್ನಂಥ ದಡ್ಡ ಜೈಲಲ್ಲಿ ಬದುಕ್ತಾನಾ?" ಎಂದು ಗ್ಲೆಂಡಾ ಮಾತು ಕೊಟ್ಟಿದ್ದಳು.

"ಎಷ್ಟು ಜನ ಹೊಡೀತಿದ್ರಮ್ಮ?" ಸರ್ಕಾರಿ ವಕೀಲರು ಕೇಳಿದರು.

ಸಾಕ್ಷಿ ಹೇಳಲು ನಿಂತ ಗ್ಲೆಂಡಾ ಎರಡು ಬೆರಳೆತ್ತಿದಳು. ಒಂದು ಕ್ಷಣ ತಡೆದು ಇನ್ನೊಂದನ್ನೂ ಬಿಡಿಸಿದಳು. "ಮೂರು ಜನ ಸಾರ್. ನಮ್ಮಣ್ಣ, ಅವನ ಗೆಳೆಯ. ಇನ್ನೊಬ್ಬ ಮುಖ ಮುಚ್ಕೊಂಡಿದ್ದ, ಯಾರೋ ಗೊತ್ತಿಲ್ಲ."

ಡೆರಿಕ್‌ನ ಹೆಸರು ಹೇಳಲು ನೆವಿಲ್ ಬಾಯಿ ತೆರೆದ. ತಂಗಿಯ ಮುಖ ನೋಡಿ ಮುಚ್ಚಿದ. ಇಬ್ಬರೆಂದಿದ್ದರೂ ಅವಳ ಗಂಡ ಉಳಿಯುತ್ತಿದ್ದ. ಹಾಗಿದ್ದೂ ಮೂವರೆಂದು ಯಾಕೆ ಹೇಳಿದಳೋ, ತಿಳಿಯದು.