ಕಿಟಕಿ ಕಡೆಯ ಕೆನ್ನೆ

“ಸನ್‌ಸ್ಕ್ರೀನ್ ಯಾರಿಗೆ ಸರ್, ನಿಮಗೇನಾ?” ಎಂದು ಮೆಡಿಕಲ್ ಶಾಪಿನ ಹುಡುಗಿ ಕೇಳಿದಾಗ ಬಸ್ ಡ್ರೈವರ್ ಅತ್ತಿತ್ತ ನೋಡಿ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೌದೆಂದು ತಲೆಯಾಡಿಸಿದ. ಹನ್ನೊಂದು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಅವನ ಬಲಗೆನ್ನೆ ಎಡಗೆನ್ನೆಗಿಂತ ಎರಡು ಪಟ್ಟು ಕಪ್ಪಾಗಿತ್ತು. ಮೊನ್ನೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಫೋಟೊ ತೆಗೆಯುವವನು “ಮುಖದ ಮೇಲೆ ನೆರಳು ಬೀಳ್ತಿದೆ, ಸ್ವಲ್ಪ ಈ ಕಡೆ ತಿರುಗಿ” ಎಂದು ನಾಲ್ಕು ಸಲ ತಿರುಗಿಸಿ, ಕೊನೆಗೆ ಅದು ನೆರಳಲ್ಲವೆಂದು ತಿಳಿದು ಸುಮ್ಮನಾಗಿದ್ದ. ಸಾಲಿನಲ್ಲಿ ನಿಂತವರು ಮಾತ್ರ ಸುಮ್ಮನಾಗದೆ ನಕ್ಕಿದ್ದರು.

ಹುಡುಗಿ ನಗಲಿಲ್ಲ. “ಮಧ್ಯಾಹ್ನದ ಹೊತ್ತಿಗೆ ಮುಖ ಎಣ್ಣೆ ಎಣ್ಣೆ ಆಗುತ್ತಾ?”

“ಹತ್ತು ಗಂಟೆಗೇ ಆಗುತ್ತೆ. ಹೋದ ವರ್ಷ ಯಾವುದೋ ಒಂದು ಹಚ್ಚಿದ್ದೆ. ಬೆವರಿನ ಜೊತೆ ಕರಗಿ ಕಣ್ಣಿಗೆ ಇಳೀತು. ಬಸ್ಸಲ್ಲಿ ಐವತ್ತು ಜನ ಕೂತಿದ್ರು, ನನಗೆ ದಾರೀನೇ ಕಾಣಲಿಲ್ಲ.”

“ಅದು ಕ್ರೀಮ್ ಇರಬೇಕು. ನಿಮಗೆ ಜೆಲ್ ಬೇಕು,” ಎಂದು ಅವಳು ಮೂರು ಟ್ಯೂಬ್ ತೆಗೆದಿಟ್ಟು, ಒಂದೊಂದರಿಂದ ಒಂದೊಂದು ಹನಿಯನ್ನು ಅವನ ಮುಂಗೈ ಮೇಲೆ ಸಾಲಾಗಿ ಸವರಿದಳು. ಐದು ನಿಮಿಷ ಬಿಟ್ಟು ಟಿಶ್ಯೂ ಪೇಪರ್ ಒತ್ತಿದಳು. ಮೊದಲೆರಡು ಹನಿಗಳು ಕಾಗದಕ್ಕೆ ಜಿಡ್ಡು ಬಿಟ್ಟವು, ಮೂರನೆಯದರ ಜಾಗದಲ್ಲಿ ಏನೂ ಅಂಟಲಿಲ್ಲ. “ಇದೇ ನಿಮ್ಮದು. ದಿನಾ ಹೊರಡೋಕೆ ಕಾಲು ಗಂಟೆ ಮೊದಲು ಹಚ್ಚಿ. ಮಧ್ಯಾಹ್ನ ಮುಖ ತೊಳೆದು ಇನ್ನೊಂದ್ಸಲ.” ಅವನಿಗೆ ಅಲ್ಲೇ ಹೊಸ ಮುಖ ಸಿಕ್ಕಷ್ಟು ಖುಷಿಯಾಯಿತು.

ಅಷ್ಟರಲ್ಲಿ ತಲೆನೋವಿನ ಮಾತ್ರೆಗೆಂದು ಅವನದೇ ಬಸ್ಸಿನ ಕಂಡಕ್ಟರಮ್ಮ ಒಳಗೆ ಬಂದಳು. ಡ್ರೈವರನ ಜೀವ ಬಾಯಿಗೆ ಬಂತು. ಹಿಂದೊಮ್ಮೆ ಡಿಪೋದಲ್ಲಿ ಒಬ್ಬ ಮುಖಕ್ಕೆ ಪೌಡರ್ ಹಾಕಿಕೊಂಡು ಡ್ಯೂಟಿಗೆ ಬಂದಿದ್ದ; ಅವನು ನಿವೃತ್ತನಾಗಿ ಆರು ವರ್ಷ ಕಳೆದರೂ ಇವತ್ತಿಗೂ ಎಲ್ಲರ ಬಾಯಲ್ಲಿ ಪೌಡರಪ್ಪನೇ.

“ನನಗಲ್ಲಮ್ಮ, ಮನೆಯವಳಿಗೆ,” ಎಂದ ಡ್ರೈವರ್. ಯಾರಿಗೆಂದು ಕಂಡಕ್ಟರಮ್ಮ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗುಂಪಿಗೆ ಸೇರಿದವನು ಅವನು. ಮೂರು ಹನಿ ಸವರಿದ ಕೈಯನ್ನು ಜೇಬಿಗೆ ಇಳಿಸಿದ.

ಅಂಗಡಿಯ ಹುಡುಗಿ ಒಮ್ಮೆ ಅವನ ಮುಖ ನೋಡಿದಳು. ಬಿಟ್ಟುಕೊಡಲಿಲ್ಲ. “ಹಾಗಾದ್ರೆ ಅವರ ಚರ್ಮ ಹೇಗೆ ಸರ್? ಎಣ್ಣೇದಾ, ಒಣದಾ?”

“ಎಣ್ಣೇದೇ.”

“ಅತ್ತಿಗೇದಾ?” ಎಂದು ಕಂಡಕ್ಟರಮ್ಮ ನಡುವೆ ಬಂದಳು. “ಅವರದು ಒಣ ಚರ್ಮ ಅಲ್ವೇನಣ್ಣ? ಆಸ್ಪತ್ರೆ ತಾರಸಿ ಮೇಲೆ ದಿನವಿಡೀ ಬಿಳಿ ಬೆಡ್‌ಶೀಟ್ ಒಣಹಾಕ್ತಾರಲ್ಲ, ಆ ಝಳ ಹೊಡೆದು ಹೊಡೆದು ಕೆನ್ನೆ ಎರಡೂ ಕಪ್ಪಾಗಿದೆ. ಬಾಯಿ ಪಕ್ಕ ಬಿರುಕು ಬಿಟ್ಟಿದೆ. ವಾರಕ್ಕೆ ಎರಡು ದಿನ ನಮ್ಮ ಬಸ್ಸಿಗೇ ಬರ್ತಾರೆ, ನನ್ನ ಪಕ್ಕಾನೇ ಕೂರ್ತಾರೆ. ನಗೋಕೂ ಉರಿ ಅಂತಿದ್ರು. ನೀವು ನೋಡಿಲ್ವಾ?”

ಅವನು ನೋಡಿರಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟುವಾಗ ಅವಳ ಬೆನ್ನು ಕಾಣುತ್ತಿತ್ತು, ಸಂಜೆ ತಟ್ಟೆಗೆ ಬಡಿಸುವಾಗ ಕೈ ಕಾಣುತ್ತಿತ್ತು. ಎದುರಿನಿಂದ ಬರುವ ಲಾರಿಯ ನಂಬರನ್ನು ತಿರುವಿನಾಚೆಯಿಂದಲೇ ಓದಿ ಹೇಳುವವನಿಗೆ ಎಷ್ಟು ನೆನೆಸಿಕೊಂಡರೂ ಹೆಂಡತಿಯ ಕೆನ್ನೆ ಕಣ್ಣಮುಂದೆ ಬರಲಿಲ್ಲ. ಆ ಇಬ್ಬರು ಹೆಂಗಸರ ಎದುರು ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಹುಡುಗಿ ಜೆಲ್ ಟ್ಯೂಬನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಒಣ ಚರ್ಮಕ್ಕೆಂದು ದಪ್ಪ ಕ್ರೀಮಿನದೊಂದನ್ನು ಕವರಿಗೆ ಹಾಕಿಕೊಟ್ಟಳು. ಅವನು ಇನ್ನೊಂದು ಕೈಯಿಂದ ದುಡ್ಡು ಕೊಟ್ಟು ಕವರ್ ತೆಗೆದುಕೊಂಡ. “ಅತ್ತಿಗೆ ಪುಣ್ಯ ಮಾಡಿದ್ರು ಬಿಡಿ,” ಎಂದು ಕಂಡಕ್ಟರಮ್ಮ ಹೊಗಳಿದ್ದು ಬೈದ ಹಾಗೆ ಕೇಳಿಸಿತು. ಕಡೆಯ ಟ್ರಿಪ್ಪಿನಲ್ಲಿ ಇಳಿಬಿಸಿಲು ಕಿಟಕಿಯಿಂದ ಕೆನ್ನೆಗೆ ಹೊಡೆಯುವಾಗ, ನಾಳೆ ಹೋಗಿ ಟ್ಯೂಬ್ ಬದಲಾಯಿಸಿಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಿದ. ಹಾಗೆ ಯೋಚಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಮನೆಗೆ ಬಂದವನು ಕವರನ್ನು ಹೆಂಡತಿಯ ಕೈಗಿಟ್ಟು, ಶೂ ಬಿಚ್ಚುವ ನೆಪದಲ್ಲಿ ಬಗ್ಗಿ ಕೂತ. ಅವಳು ಕೈ ಒರೆಸಿಕೊಂಡು ಟ್ಯೂಬಿನ ಮೇಲಿನ ಅಕ್ಷರಗಳನ್ನು ದೀಪದ ಕೆಳಗೆ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು.

“ರೀ, ಒಣ ಚರ್ಮಕ್ಕೆ ಅಂತ ಇದೆ. ನಂದು ಒಣ ಚರ್ಮ ಅಂತ ನಿಮಗೆ ಗೊತ್ತಿತ್ತಾ?”

ಈಗಲಾದರೂ ನಿಜ ಹೇಳಬಹುದಿತ್ತು. ಹೇಳಬೇಕೆಂದೇ ತಲೆಯೆತ್ತಿದ. ಅವಳು ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

“ಗೊತ್ತಿಲ್ದೆ ಏನು, ದಿನಾ ನೋಡಲ್ವಾ?” ಎಂದುಬಿಟ್ಟ. ಮಾತು ಹೊರಬಿದ್ದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವಳು ನಗಲು ಹೋದಳು. ಬಾಯಿಯ ಪಕ್ಕ ಉರಿದು, ಬೆರಳಿನಿಂದ ಒತ್ತಿ ಹಿಡಿದುಕೊಂಡೇ ನಕ್ಕಳು.

“ನಾಳೆ ನಿಮ್ಮ ಬಸ್ಸಿಗೇ ಬರ್ತೀನಿ. ನಮ್ಮ ಯಜಮಾನರಿಗೆ ರಸ್ತೆ ಬಿಟ್ರೆ ಬೇರೇನೂ ಕಾಣಲ್ಲ ಅಂತ ಕಂಡಕ್ಟರಮ್ಮನ ಹತ್ರ ಹೇಳಿಬಿಟ್ಟಿದ್ದೆ. ತಪ್ಪಾಯ್ತು ಅಂತ ಅವಳಿಗೆ ಹೇಳ್ಬೇಕು.”