ಮೂರು ಸಲದ ರಕ್ತ

ಹೆಂಡತಿ ತೀರಿಕೊಂಡಳೆಂದು ಆಸ್ಪತ್ರೆಯಿಂದ ಸುದ್ದಿ ಬಂದ ಗಳಿಗೆಯಲ್ಲೇ ರಾಯರ ಮನಸ್ಸಿಗೆ ಅನುಮಾನದ ಹುಳು ಹೊಕ್ಕಿತು. ಶವ ಮನೆಗೆ ಬಂದ ಬೆನ್ನಲ್ಲೇ ಅವಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರೂ ಬಂದರು. ರಾಯರು ಅವರಿಗೆ ಕೂರಲು ಕೂಡ ಹೇಳಲಿಲ್ಲ.

“ಮುಖ ಊದಿದೆ, ಮೈ ತಣ್ಣಗಿದೆ, ಥೈರಾಯ್ಡ್ ಮಾತ್ರೆ ಹೆಚ್ಚು ಮಾಡಿ ಅಂತ ಎಷ್ಟು ಬೇಡ್ಕೊಂಡೆ ಸ್ವಾಮಿ!”

“ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದೆ ರಾಯರೇ. ಮೂರು ಸಲವೂ ಎಲ್ಲ ಸರಿಯಾಗೇ ಇತ್ತು. ಹೇಗೆ ಹೆಚ್ಚು ಮಾಡ್ಲಿ?”

“ಸರಿಯಾಗಿದ್ದವಳು ಸಾಯ್ತಾಳೇನ್ರೀ? ನಿಮ್ಮ ಲ್ಯಾಬಿನವರು ಯಾರದೋ ರಕ್ತಕ್ಕೆ ಇವಳ ಹೆಸರು ಅಂಟಿಸಿದ್ದಾರೆ. ನಾಳೆಯೇ ಪೊಲೀಸರಿಗೆ ದೂರು ಕೊಡ್ತೀನಿ. ನನ್ನ ಹತ್ರ ಸಾಕ್ಷಿ ಇದೆ.”

ಮೂರು ಸಲವೂ ಲ್ಯಾಬಿಗೆ ಜೊತೆಯಲ್ಲಿ ಹೋಗಿದ್ದವಳು ಹೆಂಡತಿಯ ತಂಗಿ. ರಾಯರು ಅವಳ ಕಡೆ ತಿರುಗಿದರು.

“ಹೆದರಬೇಡಮ್ಮ, ಅಲ್ಲಿ ನಡೆದದ್ದನ್ನ ಇವರ ಮುಖಕ್ಕೇ ಹೇಳು.”

ಅವಳು ಭಾವನನ್ನೂ ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ಅಕ್ಕನ ತಲೆಯ ಬಳಿ ಉರಿಯುತ್ತಿದ್ದ ದೀಪಕ್ಕೆ ಕೈಮುಗಿದಳು.

“ಸೂಜಿ ಕಂಡರೆ ನಡುಗ್ತಿದ್ದ ನಮ್ಮಕ್ಕನ ಹೆಸರು ಹೇಳಿ ಮೂರು ಸಲವೂ ರಕ್ತ ಕೊಟ್ಟವಳು ನಾನು, ದೇವರೇ; ಆ ಪಾಪ ನನಗೇ ಇರಲಿ, ಅವಳ ಜೀವಕ್ಕೆ ಶಾಂತಿ ಕೊಡಪ್ಪಾ.”