ಮುಖ ಹೊಂದುತ್ತಿಲ್ಲ

ನಿವೃತ್ತ ಶಿಕ್ಷಕಿ ಸರ್ವಮಂಗಳಮ್ಮ ಇನ್ನೂ ಬದುಕಿದ್ದಾರೆಂದು ಬ್ಯಾಂಕಿನ ಮೊಬೈಲು ಒಪ್ಪದೆ ಮೂರು ದಿನವಾಗಿತ್ತು. ಬೆರಳಿನ ಗೆರೆಗಳು ಸೀಮೆಸುಣ್ಣ ಹಿಡಿದು ಹಿಡಿದು ಎಂದೋ ಸವೆದುಹೋಗಿದ್ದವು, ಉಳಿದದ್ದು ಮುಖವೊಂದೇ. ಅದನ್ನೂ ಒಪ್ಪದಿದ್ದರೆ ಮುಂದಿನ ತಿಂಗಳಿಂದ ಪಿಂಚಣಿ ನಿಲ್ಲುತ್ತದೆ.

"ಹೊಂದ್ತಿಲ್ಲ ಮೇಡಂ," ಎಂದ ಗುಮಾಸ್ತ. "ಹಳೇ ಫೋಟೋದಲ್ಲಿ ಕೆನ್ನೆನೇ ಇಲ್ಲ. ಇಲ್ಲಿ ಬರೀ ಕೆನ್ನೆ."

"ಕೀಲುನೋವಿಗೆ ಸ್ಟೆರಾಯ್ಡ್ ಮಾತ್ರೆ ತಗೋತೀನಪ್ಪ. ಅದಕ್ಕೇ ಮುಖ ಊದ್ಕೊಂಡಿದೆ."

"ಒಂದೆರಡು ತಿಂಗಳು ಮಾತ್ರೆ ನಿಲ್ಸಿ ಬನ್ನಿ."

"ಏಕಾಏಕಿ ನಿಲ್ಸಿದ್ರೆ ಜೀವಕ್ಕೇ ಅಪಾಯ ಅಂದಿದಾರೆ ಡಾಕ್ಟ್ರು."

ಗುಮಾಸ್ತ ಯೋಚಿಸಿದ. "ಹಾಗಾದ್ರೆ ನಿಲ್ಲಿಸ್ಬೇಡಿ. ಸತ್ತೋರಿಗೂ ಪಿಂಚಣಿ ಬರಲ್ಲ."

ನಾಲ್ಕನೆಯ ದಿನ ಅವರು ಸಾಕ್ಷಿ ಹೇಳಿಸಲು ತಂಗಿ ಇಂದ್ರಾಣಿಯನ್ನು ಕರೆತಂದರು.

"ಇವಳು ನಮ್ಮಕ್ಕಾನೇ," ಎಂದಳು ಇಂದ್ರಾಣಿ. "ಬದುಕಿದಾಳೆ. ಬೆಳಿಗ್ಗೆ ತಾನೇ ನನ್ನ ಜೊತೆ ಜಗಳ ಆಡಿದ್ಲು."

"ಜಗಳ ಆಡಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ."

ಅವನು ಮೊಬೈಲನ್ನು ಅಕ್ಕನ ಮುಖದೆದುರು ಹಿಡಿದ. ಮತ್ತೆ ಕೆಂಪು. ಬೇಸತ್ತು ಕೈ ಇಳಿಸುವಾಗ ಅದು ಪಕ್ಕದಲ್ಲಿ ನಿಂತಿದ್ದ ತಂಗಿಯ ಬತ್ತಿದ ಕೆನ್ನೆಯ ಮುಖದತ್ತ ತಿರುಗಿತು. ತಕ್ಷಣ ಹಸಿರು ಬೆಳಗಿತು. ಸರ್ವಮಂಗಳಮ್ಮ ಜೀವಂತವಾಗಿದ್ದಾರೆ ಎಂಬ ಪ್ರಮಾಣಪತ್ರ ಪರದೆಯ ಮೇಲೆ ಮೂಡಿತು.

ಗುಮಾಸ್ತ ಅದನ್ನು ಮುದ್ರಿಸಿ ಸರ್ವಮಂಗಳಮ್ಮನ ಕೈಗಿತ್ತ.

"ಮುಂದಿನ ವರ್ಷದಿಂದ ನೀವು ಬರೋದು ಬೇಡ ಮೇಡಂ," ಎಂದ ಗುಮಾಸ್ತ. "ಇವರನ್ನೇ ಕಳ್ಸಿಬಿಡಿ."